ಒಂದು ಚೂರು ತಿಂದ್ರೆ ಏನಾಗತ್ತೆ?

ಪಥ್ಯ ಶುರು ಮಾಡ್ತಿದ್ದೀರಂತೆ? ಸಂತೋಷ. ಯಾವತ್ತಿಂದ? ಸೋಮವಾರದಿಂದ ತಾನೇ? ಗೊತ್ತಿತ್ತು ಬಿಡಿ. ಬುಧವಾರ ಪಥ್ಯ ಶುರು ಮಾಡಿದ ಮನುಷ್ಯರನ್ನ ನಾನಿನ್ನೂ ನೋಡಬೇಕಷ್ಟೆ. ಭಾನುವಾರ ರಾತ್ರಿ 'ಇದೇ ಕೊನೇ ಸಲ' ಅಂತ ಏನೇನು ತಿನ್ನಬೇಕು ಅನ್ನೋ ಪಟ್ಟಿಯೂ ರೆಡಿ ಇರಬೇಕಲ್ಲ? (ಸುಳ್ಳು ಹೇಳಬೇಡಿ. ಹೋಳಿಗೆ ಎಷ್ಟನೇ ನಂಬರಲ್ಲಿದೆ?)

ಆಡಿಕೊಳ್ತಿಲ್ಲ ಕಣ್ರೀ. ನಿಮ್ಮ ಹೊಟ್ಟೆ ಸರಿ ಇಲ್ಲ ಅನ್ನೋದು ಇಡೀ ಬೀದಿಗೇ ಗೊತ್ತು. ಉಂಡು ಅರ್ಧ ಗಂಟೆಗೆ ಉಬ್ಬರ, ಬೆಳಗ್ಗೆ ಎರಡು ಮೂರು ಸಲ ಓಟ. ಮದುವೆ ಮನೆಗೆ ಹೋದರೆ ನೀವು ಮೊದಲು ಹುಡುಕೋದು ವಧೂವರರನ್ನಲ್ಲ, ಟಾಯ್ಲೆಟ್ಟನ್ನ. ಇಷ್ಟು ವರ್ಷ ಇದಕ್ಕೆಲ್ಲ 'ಗ್ಯಾಸ್ಟ್ರಿಕ್' ಅಂತ ಒಂದೇ ಹೆಸರಿಟ್ಟು, ಓಮಿನ ನೀರು, ಜೀರಿಗೆ ಕಷಾಯ, ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಕ್ಯಾಪ್ಸೂಲು ಅಂತ ಸಂಸಾರ ತೂಗಿಸಿಕೊಂಡು ಬಂದ್ರಿ.

ಈಗ ನ್ಯೂಜೆರ್ಸಿಯಲ್ಲಿರೋ ಕಸಿನ್ ಫೋನ್ ಮಾಡಿ 'ಇದು ಸೀಲಿಯಾಕ್ ಇರಬೇಕು, ಗ್ಲುಟನ್ ಬಿಡು' ಅಂದಿದ್ದಾಳೆ. (ಗ್ಲುಟನ್ ಅಂದ್ರೆ ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನು.) ಅಷ್ಟಕ್ಕೇ ನಿಲ್ಲಿಸಿದ್ರೆ ಪರವಾಗಿರಲಿಲ್ಲ. ಕರುಳನ್ನೇ ರಿಪೇರಿ ಮಾಡೋ ಡಯಟ್ ಅಂತ ಒಂದನ್ನ ಬೇರೆ ಹೇಳಿಕೊಟ್ಟಿದ್ದಾಳೆ. ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್. ಮುದ್ದಿಗೆ ಎಸ್‌ಸಿಡಿ.

ಅದರ ಪಟ್ಟಿ ಓದಿದ್ರಾ? ಗೋಧಿ ಇಲ್ಲ. ಸರಿ. ಅನ್ನ ಇಲ್ಲ. ಹಾಂ? ರಾಗಿ, ಜೋಳ, ನವಣೆ, ಯಾವ ಧಾನ್ಯವೂ ಇಲ್ಲ. ಆಲೂಗಡ್ಡೆ ಇಲ್ಲ, ಸಬ್ಬಕ್ಕಿ ಇಲ್ಲ, ಸಕ್ಕರೆ ಬೆಲ್ಲ ಇಲ್ಲ, ಹಾಲಿಲ್ಲ, ಕಡಲೆಯೂ ಇಲ್ಲ. ಮತ್ತೆ ಇರೋದೇನು? ಮೊಟ್ಟೆ, ಚಿಕನ್ ಸೂಪು, ಮೆತ್ತಗೆ ಬೇಯಿಸಿದ ಕ್ಯಾರೆಟ್ಟು, ತುಪ್ಪ (ಅಬ್ಬ, ಬದುಕಿದೆ), ಜೇನು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೀಳುವಷ್ಟು ಕಳಿತ ಬಾಳೆಹಣ್ಣು, ಮತ್ತೆ 24 ಗಂಟೆ ಹೆಪ್ಪಲ್ಲಿಟ್ಟ ಮೊಸರು. ನಮ್ಮಜ್ಜಿಯರು ಮಜ್ಜಿಗೆಹುಳಿಗೆ ಅಂತ ಎತ್ತಿಡ್ತಿದ್ದ ಹುಳಿ ಮೊಸರು ಸ್ವಾಮಿ ಅದು!

ಇದನ್ನೆಲ್ಲ ಓದಿ ನಿಮಗೆ ಅಳು ಬರಬೇಕಿತ್ತು. ಬರಲಿಲ್ಲ. ಕಣ್ಣು ಹೊಳೀತು. ಯಾಕೆ ಅಂತ ನಾನು ಹೇಳಲಾ? 'ನಾನು ಅನ್ನ ಬಿಟ್ಟಿದ್ದೀನಿ' ಅನ್ನೋ ಮಾತಿಗೆ ಒಂದು ಗತ್ತಿದೆ. ಆಫೀಸಲ್ಲಿ ಡಬ್ಬಿ ಮುಚ್ಚಳ ತೆಗೆದ ಕೂಡಲೇ ನಾಲ್ಕು ಜನ 'ಅಯ್ಯೋ, ಅನ್ನಾನೂ ಇಲ್ವಾ?' ಅಂತ ಕೇಳ್ತಾರೆ. ನೀವು ನಿಟ್ಟುಸಿರು ಬಿಟ್ಟು 'ಏನ್ಮಾಡೋದು' ಅಂತೀರಿ. 'ಚಪಾತಿ ಒಂದು ಬಿಟ್ಟೆ' ಅಂದ್ರೆ ಯಾವ ನಾಯಿ ಕೇಳತ್ತೆ ಹೇಳಿ?

ಆಮೇಲೆ ಶಾಪಿಂಗು. ಬಾದಾಮಿ ಹಿಟ್ಟು, ಗಾಜಿನ ಡಬ್ಬಿಗಳು, ಗ್ರಾಂ ಲೆಕ್ಕದಲ್ಲಿ ತೂಗೋ ಪುಟ್ಟ ತಕ್ಕಡಿ, ತಿಂದದ್ದನ್ನೆಲ್ಲ ಬರೆಯೋಕೆ ಒಂದು ಡೈರಿ. (ಮೂರನೇ ಪುಟ ದಾಟಿದ ಪಥ್ಯದ ಡೈರಿ ನಿಮ್ಮ ಮನೇಲಿ ಇದ್ರೆ ತೋರಿಸಿ.) ಹೊಟ್ಟೆ ವಾಸಿಯಾಗತ್ತೋ ಇಲ್ವೋ, ಬಾದಾಮಿ ರೇಟು ನೋಡಿ ಎದೆನೋವು ಮಾತ್ರ ಗ್ಯಾರಂಟಿ.

ಇರಲಿ, ಈ ಬಾಳೆಹಣ್ಣಿನ ಪುರಾಣ ಎಲ್ಲಿಂದ ಬಂತು ಗೊತ್ತಾ? ಸೀಲಿಯಾಕ್‌ಗೆ ಆಹಾರವೇ ಔಷಧ ಅಂತ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ 1888ರಲ್ಲೇ ಬರೆದಿದ್ದ. ಯಾವ ಆಹಾರ ಅನ್ನೋದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಒಂದು ಮಗೂಗೆ ದಿನಾ ಒಂದು ಕ್ವಾರ್ಟ್ ಡಚ್ ಚಿಪ್ಪುಮೀನು ತಿನ್ನಿಸಿದರು (ಮಂಗಳೂರಿನವರು ಪಚ್ಚಿಲೆ ಅಂತಾರಲ್ಲ, ಅದರ ನೆಂಟ). ಮಗು ದುಂಡಗಾಯ್ತು. ಸೀಸನ್ ಮುಗೀತು, ಮತ್ತೆ ಸೊರಗ್ತು. ಮುಂದಿನ ಸೀಸನ್‌ನಲ್ಲಿ ಆ ಮಗು ಬಾಯೇ ತೆರೀಲಿಲ್ಲವಂತೆ. ಪಥ್ಯ ಮುರಿಯೋದ್ರಲ್ಲಿ ನಿಮ್ಮ ಮೂಲಪುರುಷ ಆ ಮಗುವೇ.

ಆಮೇಲೆ ನ್ಯೂಯಾರ್ಕಿನ ಮಕ್ಕಳ ಡಾಕ್ಟರ್ ಸಿಡ್ನಿ ಹಾಸ್. 1924ರಲ್ಲಿ ಅವನು ಬಾಳೆಹಣ್ಣಿನ ಪಥ್ಯ ಹೇಳಿದ. ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಧಾನ್ಯ ಎಲ್ಲ ಬಂದ್, ಬಾಳೆಹಣ್ಣು ಧಾರಾಳ. ಸಾಯೋ ಹಾಗಿದ್ದ ಮಕ್ಕಳು ಎದ್ದು ಕೂತವು. ಊರೆಲ್ಲ ಬಾಳೆಹಣ್ಣಿನ ಮಹಿಮೆ ಹಾಡ್ತು. ಮಹಿಮೆ ತಟ್ಟೆಯಲ್ಲಿದ್ದ ಹಣ್ಣಿನದಲ್ಲ, ತಟ್ಟೆಯಿಂದ ಎತ್ತಿಟ್ಟ ಬ್ರೆಡ್ಡಿನದು ಅನ್ನೋದು ಹಾಸ್‌ಗೆ ಹೊಳೀಲೇ ಇಲ್ಲ. ಈ ಹಾಸ್ ಹತ್ತಿರ 1950ರ ದಶಕದ ಕೊನೆಯಲ್ಲಿ ಮಗಳ ಕರುಳಿನ ಹುಣ್ಣಿಗೆ ಅಂತ ಬಂದ ತಾಯಿ ಎಲೇನ್ ಗಾಟ್‌ಶಾಲ್. ಮಗಳು ಚೇತರಿಸಿಕೊಂಡಳು. ತಾಯಿ ಮತ್ತೆ ಕಾಲೇಜಿಗೆ ಸೇರಿ, ವಿಜ್ಞಾನ ಓದಿ, ಪುಸ್ತಕ ಬರೆದಳು. ನಿಮ್ಮ ಕಸಿನ್ ಫೋನಲ್ಲಿ ಒದರಿದ್ದು ಆ ಪುಸ್ತಕವನ್ನೇ.

ಹಾಗಾದ್ರೆ ಗೋಧಿಯೇ ಕಳ್ಳ ಅಂತ ಹಿಡಿದವರು ಯಾರು? ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲೆಮ್ ಡಿಕ್ಕೆ. ಅವನಿಗೆ 1930ರ ದಶಕದಿಂದಲೇ ಗುಮಾನಿ ಇತ್ತು. 1944-45ರ ಚಳಿಗಾಲದಲ್ಲಿ ಮಹಾಯುದ್ಧದ ದೆಸೆಯಿಂದ ಅಲ್ಲಿ ಭೀಕರ ಬರ. ಬ್ರೆಡ್ಡಿಲ್ಲ, ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿಕೊಂಡು ತಿಂದರು. ಊರೆಲ್ಲ ಸೊರಗುವಾಗ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ವಾಪಸ್ ಬಂತು, ಕಾಯಿಲೆಯೂ ವಾಪಸ್ ಬಂತು. 1950ರಲ್ಲಿ ಅವನು ಇದನ್ನೇ ಪ್ರಬಂಧ ಮಾಡಿ ಬರೆದ.

ತಮಾಷೆ ನೋಡಿ, ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಲ್ಲಿ ಅಕ್ಕಿಗೆ ತತ್ವಾರ. ಎಂಟಿಆರ್‌ನವರು ಇಡ್ಲಿಗೆ ಗೋಧಿ ರವೆ ಹಾಕಿ ನೋಡಿದ್ದು ಆಗಲೇ ಅಂತ ಅವರೇ ಹೇಳ್ತಾರೆ. ಅಲ್ಲಿ ಯುದ್ಧ ಬಂದು ಗೋಧಿ ಹೋಯ್ತು, ಇಲ್ಲಿ ಯುದ್ಧ ಬಂದು ಇಡ್ಲಿಯೊಳಗೂ ಗೋಧಿ ಹೊಕ್ಕಿತು!

ಈಗ ಸ್ವಲ್ಪ ಹತ್ತಿರ ಬನ್ನಿ, ಒಂದು ಗುಟ್ಟು ಹೇಳ್ತೀನಿ. ನಿಮಗಿರೋದು ನಿಜಕ್ಕೂ ಸೀಲಿಯಾಕೇ ಆಗಿದ್ರೆ ಅನ್ನ ಬಿಡೋದೇ ಬೇಡ. ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಜೋಳದ ರೊಟ್ಟಿ, ನವಣೆ, ಸಾಮೆ, ಎಲ್ಲ ನಡೆಯತ್ತೆ. ಬಿಡಬೇಕಾದ್ದು ಗೋಧಿ, ಬಾರ್ಲಿ, ರೈ ಮೂರೇ. (ಓಟ್ಸ್‌ಗೆ ಗೋಧಿ ಬೆರೆತಿರೋದೇ ಜಾಸ್ತಿ, ಅದನ್ನ ಡಾಕ್ಟರನ್ನೇ ಕೇಳಿ.) ಕರುಳು ಹಾಳಾಗಿರೋ ಶುರುವಿನ ದಿನಗಳಲ್ಲಿ ಹಾಲು ಕೆಲವರಿಗೆ ಆಗಲ್ಲ, ಆಮೇಲೆ ಸಾಮಾನ್ಯವಾಗಿ ಸರಿಹೋಗತ್ತೆ. ನೋಡಿ, ಮುಖ ಸಪ್ಪಗಾಯ್ತು ನಿಮ್ಮದು! ಇಷ್ಟೇನಾ ಅಂತ.

ಇಷ್ಟೇ. ಆದರೆ ಜೀವನಪೂರ್ತಿ. ಮತ್ತೆ ಚೂರೂ ಇಲ್ಲ. ಈ 'ಚೂರೂ ಇಲ್ಲ' ಅನ್ನೋದೇ ನಿಮ್ಮ ಕೈಲಿ ಆಗದ ಕೆಲಸ. ಅನ್ನ ಬಿಡು ಅಂದ್ರೆ ಹದಿನೈದು ದಿನ ವೀರಾವೇಶದಿಂದ ಬಿಡ್ತೀರಿ. ಹಿಂಗಿನ ಡಬ್ಬಿ ತಿರುಗಿಸಿ ಓದು ಅಂದ್ರೆ ಕನ್ನಡಕ ಸಿಗಲ್ಲ ನಿಮಗೆ.

ಹೂಂ, ಹಿಂಗೇ! ಅಂಗಡಿಯಲ್ಲಿ ಸಿಗೋ ಹಿಂಗು ಬರೀ ಹಿಂಗಲ್ಲ. ಘಾಟು ತಗ್ಗಿಸೋಕೆ ಅದಕ್ಕೆ ಹಿಟ್ಟು ಬೆರೆಸಿರ್ತಾರೆ, ಬಹಳ ಸಲ ಅದು ಗೋಧಿ ಹಿಟ್ಟೇ. ನೀವು ಚಪಾತಿ ಬಿಟ್ಟು ತ್ಯಾಗಮೂರ್ತಿಯ ಹಾಗೆ ತಿಳಿಸಾರು ಅನ್ನ ಉಣ್ತಿರ್ತೀರಿ, ಗೋಧಿ ಒಗ್ಗರಣೆಯಲ್ಲಿ ಕೂತು ನಗ್ತಿರತ್ತೆ. ಸೋಯಾ ಸಾಸಲ್ಲಿ ಗೋಧಿ. ಗೋಬಿ ಮಂಚೂರಿಯಲ್ಲಿ ಆ ಸಾಸೂ ಇದೆ, ಮೈದಾನೂ ಇದೆ. ಮದ್ದೂರು ವಡೆ, ಗೋಳಿಬಜೆ ಬಗ್ಗೆ ಕೇಳಲೇಬೇಡಿ. ಹಾರ್ಲಿಕ್ಸಲ್ಲಿ ಗೋಧಿ, ಬಾರ್ಲಿ ಎರಡೂ. (ಬಿಯರೂ ಬಾರ್ಲಿದೇ. ನಿಮಗಲ್ಲ, ನಿಮ್ಮ ಫ್ರೆಂಡಿಗೆ ಹೇಳಿ.)

ಇನ್ನು ರವೆ. ಗೋಧಿ ಬಿಟ್ಟಿದ್ದೀನಿ ಅಂತ ಹೇಳಿ ಪ್ಲೇಟು ತುಂಬ ಚೌಚೌ ಬಾತ್ ತಿನ್ನೋರು ಎಷ್ಟು ಜನ ಬೇಕು ನಿಮಗೆ? ಉಪ್ಪಿಟ್ಟಿನ ರವೆ ಯಾವ ಮರದಲ್ಲಿ ಬೆಳೆಯತ್ತೆ ಅಂದ್ಕೊಂಡಿದ್ದೀರಿ? ಶಾವಿಗೆ, ಕೇಸರಿಬಾತ್, ಚಿರೋಟಿ, ಎಲ್ಲ ಅದೇ ಕುಲ. 'ಕಪ್ಲಿ ಗೋಧಿ ದೇಸಿ, ಅದರಲ್ಲಿ ಗ್ಲುಟನ್ ಇಲ್ಲ' ಅಂತಾನೂ ಯಾರೋ ಹೇಳಿರ್ತಾರೆ. ಇದೆ. ಏಕಾದಶಿ ದಿನ ಅಂತೂ ಅಪಾಯ. ಅನ್ನ ಮುಟ್ಟಬಾರದು ಅಂತ ಮನೆಮಂದಿಯೆಲ್ಲ ಉಪ್ಪಿಟ್ಟು ಮಾಡಿಕೊಂಡು ಕೂರ್ತಾರೆ.

ಗಿರಣಿಗೆ ಹೋಗಿದ್ದೀರಾ? ನಿಮ್ಮ ಮುಂದಿನ ಹೆಂಗಸು ಐದು ಕೆಜಿ ಗೋಧಿ ಬೀಸಿಸಿಕೊಂಡು ಹೋಗ್ತಾಳೆ, ಅದೇ ಕಲ್ಲಿಗೆ ನಿಮ್ಮ ಜೋಳ ಬೀಳತ್ತೆ. ರೊಟ್ಟಿ ಬಿಳೀಗೆ ಬಂತು ಅಂತ ನೀವು ಖುಷಿ. ಒಂದೇ ಹಂಚಲ್ಲಿ ಮೊದಲು ಚಪಾತಿ, ಆಮೇಲೆ ರೊಟ್ಟಿ. ಹಿಟ್ಟಾಗಲಿ ಹಂಚಾಗಲಿ ಬೇರೆ ಇಡಿ ಅಂದ್ರೆ ಮನೇಲಿ 'ಇದೆಂಥಾ ಹೊಸಾ ಮಡಿ!' ಅಂತಾರೆ.

ಅತ್ಯಂತ ಕಷ್ಟದ ಪರೀಕ್ಷೆ ಸತ್ಯನಾರಾಯಣ ಪೂಜೆ. ಪ್ರಸಾದ ಏನು? ಸಜ್ಜಿಗೆ. ತುಪ್ಪ, ಹಾಲು, ಸಕ್ಕರೆ, ಬಾಳೆಹಣ್ಣು, ಜೊತೆಗೆ ಗೋಧಿ ರವೆ. ಅದಕ್ಕೆ ಮೊದಲು ಕಥೆ ಬೇರೆ ಕೇಳಿರ್ತೀರಿ. ಪ್ರಸಾದ ತಗೊಳ್ಳದೆ ಗಂಡನ್ನ ನೋಡೋಕೆ ಓಡಿದ ಕಲಾವತಿ, ಹಡಗಿನ ಸಮೇತ ಮುಳುಗಿದ ಗಂಡ. ಕಥೆ ಮುಗಿದ ಎರಡೇ ನಿಮಿಷಕ್ಕೆ ದೊನ್ನೆ ನಿಮ್ಮ ಮುಂದೆ. ಬೇಡ ಅನ್ನೋ ಧೈರ್ಯ ಇದೆಯಾ? (ಪಕ್ಕದಲ್ಲಿ ಗಂಡ ಕೂತು ದಿಟ್ಟಿಸಿ ನೋಡ್ತಿದ್ದಾರೆ.) ಹಣ್ಣಿನ ಪ್ರಸಾದ, ತೀರ್ಥ ಕೇಳಿ ತಗೊಳ್ಳಿ. ಸತ್ಯನಾರಾಯಣ ಸ್ವಾಮಿ ನಿಮ್ಮ ಅತ್ತೆಯಷ್ಟು ಹಟಮಾರಿ ಅಲ್ಲ.

ಅತ್ತೆ ಅಂದೆನಲ್ಲ. ಮೈಸೂರು ಕಡೆಯವರಾದ್ರೆ 'ಒಂದು ಚೂರು ತಿಂದ್ರೆ ಏನಾಗತ್ತೆ?' ಧಾರವಾಡದ ಕಡೆ 'ಒಂದು ತುತ್ತು ತಿಂದ್ರ ಏನಾಗ್ತದವಾ?' ಏನಾಗತ್ತೆ ಹೇಳ್ತೀನಿ ಕೇಳಿ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ ಥರ, ಮೈತುಂಬ ಎಳೆ. ಊಟದ ಸತ್ವ ಹೀರೋದು ಆ ಎಳೆಗಳು. ಗ್ಲುಟನ್ ಬಂದ ಕೂಡಲೇ ಸೀಲಿಯಾಕ್ ಇರೋರ ದೇಹ ತನ್ನ ಕರುಳಿನ ಮೇಲೇ ಯುದ್ಧ ಸಾರತ್ತೆ, ಎಳೆಗಳು ಸವೆದು ನುಣ್ಣಗಾಗ್ತವೆ. ಆಮೇಲೆ ಎಷ್ಟು ಕಬ್ಬಿಣದ ಮಾತ್ರೆ ನುಂಗಿದ್ರೂ ರಕ್ತ ಏರಲ್ಲ, ಮೂಳೆ ಸವೆಯತ್ತೆ, ಮಕ್ಕಳಾದ್ರೆ ಎತ್ತರವೇ ಬೆಳೆಯಲ್ಲ.

ಎಷ್ಟು ತಿಂದ್ರೆ? ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಕೊಟ್ಟು ನೋಡಿದ್ದಾರೆ, ಅಷ್ಟಕ್ಕೇ ಕರುಳು ಕೆಟ್ಟಿದೆ. ಒಂದು ಸ್ಲೈಸ್ ಬ್ರೆಡ್ಡಲ್ಲಿ ಅದರ ಹತ್ತಾರು ಪಟ್ಟು ಇರತ್ತೆ. ಪೊಟ್ಟಣದ ಮೇಲೆ 'ಗ್ಲುಟನ್ ಫ್ರೀ' ಅಂತ ಹಾಕಬೇಕಾದ್ರೆ ನಮ್ಮ ಸರ್ಕಾರದ ಲೆಕ್ಕದಲ್ಲಿ ಕೆಜಿಗೆ 20 ಮಿಲಿಗ್ರಾಂ ದಾಟಬಾರದು. ಚೂರಿನ ಮಹಿಮೆ ಗೊತ್ತಾಯ್ತಲ್ಲ?

ಈಗ ನಿಮ್ಮ ಸೋಮವಾರಕ್ಕೆ ಬರೋಣ. ದಮ್ಮಯ್ಯ ಅಂತೀನಿ, ಚಪಾತಿ ಈಗಲೇ ಬಿಡಬೇಡಿ! ಹೌದು, ಇಷ್ಟೆಲ್ಲ ಕೊರೆದು ನಾನೇ ಹೇಳ್ತಿದ್ದೀನಿ. ಸೀಲಿಯಾಕ್ ಕಂಡುಹಿಡಿಯೋಕೆ ಟಿಟಿಜಿ ಅಂತ ಒಂದು ರಕ್ತ ಪರೀಕ್ಷೆ ಇದೆ. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡ್ತಾರೆ. ಎರಡಕ್ಕೂ ನೀವು ಗೋಧಿ ತಿಂತಾ ಇರಬೇಕು. ಮೊದಲೇ ಬಿಟ್ಟು ಹೋದ್ರೆ ರಿಪೋರ್ಟು ನಾರ್ಮಲ್ ಬರಬಹುದು, ಕಾಯಿಲೆ ಇದೆಯೋ ಇಲ್ಲವೋ ಆ ದೇವರೇ ಹೇಳಬೇಕು. ಆಗಲೇ ಬಿಟ್ಟು ಕೂತಿದ್ದೀರಾ? ಮತ್ತೆ ಎಷ್ಟು ದಿನ ತಿಂದು ಬರಬೇಕು ಅಂತ ಡಾಕ್ಟರನ್ನ ಕೇಳಿ.

ಸೀಲಿಯಾಕ್ ಅಲ್ಲ ಅಂತ ಬಂದ್ರೂ ಬೇಜಾರು ಮಾಡ್ಕೋಬೇಡಿ. ಉತ್ತರ ಭಾರತಕ್ಕೆ ಹೋಲಿಸಿದ್ರೆ ನಮ್ಮ ಕಡೆ ಅದು ಬಹಳ ಕಡಿಮೆ. ಚಪಾತಿ ತಿಂದ್ರೆ ಉಬ್ಬರ ಬರೋ ಎಷ್ಟೋ ಜನರಿಗೆ ತೊಂದರೆ ಕೊಡೋದು ಗ್ಲುಟನ್ ಅಲ್ಲ, ಗೋಧಿಯಲ್ಲಿರೋ ಫ್ರಕ್ಟಾನ್ ಅನ್ನೋ ಸಕ್ಕರೆ ಜಾತಿಯ ವಸ್ತು. ಅದು ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ಅದಕ್ಕೆ ಬೇರೆ ಪಥ್ಯ, ಕೆಲವೇ ವಾರದ್ದು. ಎಸ್‌ಸಿಡಿ ಮಾಡಲೇಬೇಕು ಅಂತ ಅಷ್ಟು ಆಸೆಯಾದ್ರೆ ಡಾಕ್ಟರಿಗೆ, ಡಯಟೀಷಿಯನ್‌ಗೆ ಹೇಳಿ ಮಾಡಿ. ಸೀಲಿಯಾಕ್‌ಗೆ ಅದು ಬೇಕಾಗಿಲ್ಲ.

ಪಾಸಿಟಿವ್ ಬಂತೋ, ಇನ್ನೊಂದು ಕೆಲಸ ಇದೆ. ಇದು ರಕ್ತಸಂಬಂಧದಲ್ಲಿ ಬರೋ ಕಾಯಿಲೆ. ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಎಲ್ಲರೂ ಪರೀಕ್ಷೆ ಮಾಡಿಸಬೇಕು. 'ಒಂದು ಚೂರು ತಿನ್ನೇ, ಏನೂ ಆಗಲ್ಲ' ಅಂತ ಹೋದ ಯುಗಾದಿಗೆ ಹೋಳಿಗೆ ತುರುಕಿದ್ರಲ್ಲ ನಿಮ್ಮಕ್ಕ, ಮೊದಲು ಅವರನ್ನ ಲ್ಯಾಬಿಗೆ ಕರ್ಕೊಂಡು ಹೋಗಿ.