ಜೀರ್ಣಜೀಪೋದ್ಧಾರ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಗ್ರಂಥದ ವಿಷಯ ಹಳೆಯ ಜೀಪು. ಪ್ರಯೋಜನ, ಇಲ್ಲ. ಸಂಬಂಧ, ಜೀಪು ಮನೆಗೆ ಬಂದ ಮೇಲೆ ಮನೆಯವರೊಡನೆ ಎಷ್ಟು ಉಳಿಯುತ್ತದೋ ಅಷ್ಟು. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ಶೆಡ್ಡಿನಲ್ಲಿ ಓಡುವ ಕಾರಿದ್ದೂ, ಹಲಸಿನ ಮರದಡಿ ನಿಂತುಹೋದ, ಸೀಟಿನ ಮೇಲೆ ಕೋಳಿ ಮೊಟ್ಟೆಯಿಟ್ಟ ಜೀಪನ್ನು ತೋರಿಸಿ ‘ಇಂಜಿನ್ ಮಾತ್ರ ಕಲ್ಲು ಇದ್ದಂಗಿದೆ ಸಾರ್’ ಎಂದರೆ ನಂಬಬಲ್ಲವನು. ವಿವೇಕ, ವೈರಾಗ್ಯ ಮುಂತಾದ ಸಾಧನಸಂಪತ್ತು ಉಳ್ಳವರಿಗೆ ಇಲ್ಲಿ ಪ್ರವೇಶವಿಲ್ಲ.

ಉತ್ಪತ್ತಿ ಪ್ರಕರಣ

1940ರಲ್ಲಿ ಅಮೆರಿಕದ ಸೇನೆ, ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿಯೊಂದರ ಮಾದರಿ 49 ದಿನಗಳಲ್ಲಿ ತಯಾರಾಗಬೇಕೆಂದು ಕಂಪನಿಗಳಿಗೆ ಗಡುವು ಕೊಟ್ಟಿತು. ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಹಿಡಿದು ತಂದು, ಹೇಳಿದ ದಿನಕ್ಕೆ ಒಪ್ಪಿಸಿಯೇಬಿಟ್ಟಿತು. ದೊಡ್ಡ ಆರ್ಡರು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಇಳಿಸಿದ್ದರು.

ಸಂಶೋಧಕರು ಗಮನಿಸಬೇಕಾದ ಅಂಶವೊಂದಿದೆ. ಖಾಲಿ ಹಾಳೆಯಿಂದ ಹೊರಟು ಜೀಪು ಎಂಬ ಪದಾರ್ಥವನ್ನೇ ಸೃಷ್ಟಿಸಲು ಹಿಡಿದದ್ದು ಏಳು ವಾರ. ಅದೇ ಜೀಪಿನ ಫ್ಲೋರಿನ ತುಕ್ಕು ಕೆರೆದು ಪ್ಯಾಚ್ ಹೊಡೆಯಲು ಮಲೆನಾಡಿನ ಟಿಂಕರಿಂಗ್ ಶೆಡ್ಡಿನಲ್ಲಿ ಹಿಡಿಯುವ ಕಾಲವನ್ನು ಯಾವ ಪಂಚಾಂಗವೂ ಗುಣಿಸಿಲ್ಲ. ‘ಬರೋ ವಾರ ಬನ್ನಿ ಸಾರ್’ ಎಂಬ ಮೇಸ್ತ್ರಿಯ ಮಾತಿನಲ್ಲಿರುವ ವಾರವು ಭಾನುವಾರದಿಂದ ಶನಿವಾರದವರೆಗಿನ ಲೌಕಿಕ ವಾರವೆಂದು ತಿಳಿಯುವುದು ಅಜ್ಞಾನ.

1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ವಂಶ, ಆಮೇಲೆ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ತೋಟ ಸೇರಿದ ಇವು ಕಾಫಿ ಮೂಟೆ, ಗೊಬ್ಬರ, ಆಳುಗಳು, ದಿಬ್ಬಣ, ಹೆರಿಗೆ ನೋವು ಬಂದವರು, ಎಲ್ಲವನ್ನೂ ಒಂದೇ ಗೇರಿನಲ್ಲಿ ಹೊತ್ತವು. ಯುದ್ಧಕ್ಕೆ ಹುಟ್ಟಿದ ಗಾಡಿಗೆ ಮಳೆಗಾಲದ ಮಲೆನಾಡು ಹೊಸದೆನಿಸಲಿಲ್ಲ.

ಶಾಸನ ಪ್ರಕರಣ

ಜೀಪಿನ ಇತಿಹಾಸಕ್ಕೆ ಲಿಖಿತ ಆಧಾರಗಳು ಕಡಿಮೆ. ಇರುವವು ಬೋಲ್ಟಿನ ತಲೆಯ ಮೇಲಿವೆ. ಫೋರ್ಡ್ ಕಂಪನಿ ತಾನು ಮಾಡಿದ ಯುದ್ಧಕಾಲದ ಜೀಪುಗಳ ಬೋಲ್ಟು, ಬ್ರಾಕೆಟ್ಟುಗಳ ಮೇಲೆ ‘ಎಫ್’ ಎಂಬ ಒಂದಕ್ಷರ ಒತ್ತುತ್ತಿತ್ತು. ಈಗ ಪ್ರೌಢವಯಸ್ಕ ಗಂಡಸರು ಗ್ರೀಸಿನಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿ, ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದೇ ಬೋಲ್ಟ್ ಒರೆಸಿ ಆ ಅಕ್ಷರ ಹುಡುಕುತ್ತಾರೆ. ಹಲ್ಮಿಡಿ ಶಾಸನ ಓದಿದ ವಿದ್ವಾಂಸರೂ ಇಷ್ಟು ಕೆಳಕ್ಕೆ ಇಳಿದಿರಲಾರರು.

ಉತ್ಖನನವೂ ನಡೆಯುತ್ತದೆ. ಮಡ್‌ಗಾರ್ಡನ್ನು ಉಜ್ಜುಕಾಗದದಲ್ಲಿ ತಿಕ್ಕಿದರೆ ಮೇಲ್ಪದರದಲ್ಲಿ ಕಪ್ಪು, ಅದು ರೀಲ್ಸ್ ಯುಗ. ಕೆಳಗೆ ಬಿಳಿ, ಸರ್ಕಾರಿ ಯುಗ. ಅದರಡಿ ಹಸಿರು, ಇಲ್ಲಿ ಮಾಲೀಕನ ಕಣ್ಣು ತುಂಬಿ ಬರುತ್ತದೆ, ಮಿಲಿಟರಿ ಹಸಿರು ಎಂದು ಉದ್ಗರಿಸುತ್ತಾನೆ. ಅದು ತೋಟದ ಗೇಟಿಗೆ ಹೊಡೆದು ಉಳಿದ ಪೇಂಟು ಎಂಬ ಭಿನ್ನಮತವೂ ಉಂಟು. ಎಲ್ಲಕ್ಕಿಂತ ಕೆಳಗೆ ಬರೀ ಪುಟ್ಟಿ. ಪುಟ್ಟಿಯ ಕೆಳಗೆ ತಗಡು ಇದೆಯೆಂಬುದು ಶ್ರದ್ಧೆಯ ವಿಷಯ.

ಪ್ರಮಾಣ ಪ್ರಕರಣ

ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ನೈಯಾಯಿಕರು ಅನುಮಾನಿಸಿದರು. ಅಷ್ಟಕ್ಕೇ ನಿಂತದ್ದು ಅವರ ಮಿತಿ. ಮೇಸ್ತ್ರಿಗೆ ಹೊಗೆಯ ಬಣ್ಣವೂ ಹೇತುವೇ. ನೀಲಿಯಾದರೆ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ; ಕಪ್ಪಾದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ; ಬಿಸಿಯಾದ ಮೇಲೂ ಬಿಳಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗಿಳಿದಿದೆ. ಮಾಲೀಕನ ಮುಖದ ಬಣ್ಣದಿಂದ ಬಿಲ್ಲಿನ ಮೊತ್ತವನ್ನು ನಿರ್ಣಯಿಸುವುದು ಇದರ ಮುಂದಿನ ಹಂತ.

ಅರ್ಥಾಪತ್ತಿಗೂ ಇಲ್ಲಿ ಉದಾಹರಣೆಯಿದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಾನೇ? ಅದನ್ನೇ ತಿರುವಿ ಹಾಕಿದರೆ, ನೆಲದ ಮೇಲೆ ಒಂದು ತೊಟ್ಟೂ ಸೋರದೆ ಆಯಿಲ್ ಇಳಿಯುತ್ತಿದ್ದರೆ ಎಂಜಿನ್ನೇ ಕುಡಿಯುತ್ತಿದೆ. ಇನ್ನು ಶಬ್ದಪ್ರಮಾಣ. ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚುತ್ತಾನೆ. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. ಕಣ್ಣು ತೆರೆದು ‘ಬೇರಿಂಗು’ ಎನ್ನುತ್ತಾನೆ. ಅದು ಆಪ್ತವಾಕ್ಯ, ಮರುಪ್ರಶ್ನೆ ಸಲ್ಲದು.

ದ್ವೈತಾದ್ವೈತ ಪ್ರಕರಣ

ಗೇರ್ ಲಿವರಿನ ಪಕ್ಕದಲ್ಲಿ ಪುಟ್ಟ ಲಿವರುಗಳಿವೆ. ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸಲೂ ಹಿಂದಿನ ಆಕ್ಸಲೂ ಭೇದವಳಿದು ಒಂದೇ ವೇಗದಲ್ಲಿ ತಿರುಗುತ್ತವೆ. ಇದು ಅದ್ವೈತ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರದೆ, ಬಿಗಿತವೆಲ್ಲ ಹೌಸಿಂಗಿನ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಟಾರಿನ ವ್ಯವಹಾರದಲ್ಲಿ ದ್ವೈತವೇ ಸತ್ಯ, ಕೆಸರಿನ ಪರಮಾರ್ಥದಲ್ಲಿ ಅದ್ವೈತ. ಈ ಸಮನ್ವಯ ತಿಳಿಯದೆ ಪೇಟೆಯಲ್ಲಿ ಫೋರ್ ವೀಲ್ ಹಾಕಿ ಮೆರೆದವರ ಟ್ರಾನ್ಸ್‌ಫರ್ ಕೇಸುಗಳನ್ನು ಗುಜರಿಯಲ್ಲಿ ಕಾಣಬಹುದು.

ಆನಂದದ ವಿಷಯಕ್ಕೆ ಬಂದರೆ, ಕೊಲ್ಲೂರಿನಿಂದ ಕೊಡಚಾದ್ರಿಗೆ ಹತ್ತುವ ಜೀಪುಗಳನ್ನು ನೋಡಿ. ಹಿಂದಿನ ಸೀಟಿನಲ್ಲಿ ಎದುರುಬದುರಾಗಿ ಕೂತ ಅಪರಿಚಿತರು ಮೊದಲ ಹಳ್ಳ ದಾಟುವಾಗ ಮೊಣಕಾಲು ತಾಗಿಸುತ್ತಾರೆ, ಎರಡನೆಯದರಲ್ಲಿ ತಲೆ, ಮೂರನೆಯದರಲ್ಲಿ ಸುಖದುಃಖ ಹಂಚಿಕೊಳ್ಳುತ್ತಾರೆ. ಹೊಸ ಕಾರುಗಳು ಕೊಡುವ ಸುಖ ಸೊಂಟಕ್ಕೆ ಸಂಬಂಧಿಸಿದ್ದು. ಜೀಪಿನ ಸುಖಕ್ಕೆ ಸೊಂಟದ ಒಪ್ಪಿಗೆ ಬೇಕಿಲ್ಲ.

ಆತ್ಮ ಪ್ರಕರಣ

ಈಗ ಮುಖ್ಯ ಪ್ರಶ್ನೆ. ಎಂಜಿನ್ ಬದಲಾಗಿ ಪೆಟ್ರೋಲು ಹೋಗಿ ಡೀಸೆಲ್ ಬಂತು. ಗೇರ್ ಬಾಕ್ಸ್ ಬೇರೆ ಜೀಪಿನದು. ಬಾಡಿ ಹೊಸ ತಗಡು. ಹಾಗಾದರೆ ಅಜ್ಜನ ಕಾಲದ ಜೀಪು ಎಲ್ಲಿದೆ? ರಥದಲ್ಲಿ ಬಂದ ಮಿಲಿಂದ ರಾಜನನ್ನು ಭಿಕ್ಷು ನಾಗಸೇನ ಕೇಳಿದ್ದೂ ಇದನ್ನೇ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ಇಟ್ಟುಕೊಂಡ ಹೆಸರಷ್ಟೇ ರಥ ಎಂಬಲ್ಲಿಗೆ ಆ ಚರ್ಚೆ ಮುಟ್ಟಿತು. ಅಂದು ಆರ್‌ಟಿಒ ಇಲ್ಲದ್ದರಿಂದ ಅಷ್ಟರಲ್ಲೇ ಮುಗಿಯಿತು.

ಇಂದಿನ ಸ್ಥಿತಿ ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದೆ ಮೂಲರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ಪಟ್ಟ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಐವತ್ತು ವರ್ಷ ಕೆಸರಿನಲ್ಲಿ ದುಡಿದೂ ಮೂಲರೂಪ ಬಿಡದ ಜೀಪನ್ನು ಈ ಶಾಸ್ತ್ರಕಾರನು ವಂಧ್ಯಾಪುತ್ರ, ಶಶಶೃಂಗಗಳ ಸಾಲಿನಲ್ಲಿ ಇರಿಸುತ್ತಾನೆ. ಅಂಥ ವಾಹನ ದಿನನಿತ್ಯ ರಸ್ತೆಗಿಳಿಯುವಂತೆಯೂ ಇಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಮತ್ತೆ ಎಣ್ಣೆ ಹಾಕಿಸಲು, ರಿಪೇರಿಗೆ ಹೋಗಬಹುದು. ಹಳೆಯ ಜೀಪು ಹೇಗೂ ಹೋಗುವುದು ಕೊನೆಯ ಎರಡಕ್ಕೇ ಆದ್ದರಿಂದ ನಿಯಮದಿಂದ ಯಾರಿಗೂ ತೊಂದರೆಯಾಗಿಲ್ಲ.

ಸಿದ್ಧಾಂತ

ಎಂಜಿನ್ ಅನಿತ್ಯ, ಬಣ್ಣ ಮಿಥ್ಯೆ, ಮೇಸ್ತ್ರಿ ಹೇಳಿದ ದಿನಾಂಕ ಮಾಯೆ. ಎಲ್ಲ ಬದಲಾದ ಮೇಲೂ ಉಳಿಯುವುದು ಚಾಸಿ ಮೇಲೆ ಕೊರೆದ ನಂಬರು ಮತ್ತು ‘ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ’ ಎಂಬ ಮಾಲೀಕನ ಮಾತು. ಇವೆರಡರ ಸಂಯೋಗವೇ ಹಳೆಯ ಜೀಪು ಎಂದು ನಿರ್ಣಯ. ಕೆಲಸ ಪೂರ್ತಿ ಮುಗಿದ ಜೀಪು ಮಾರಾಟಕ್ಕೆ ಬಂದಿರುತ್ತದೆ, ಆದ್ದರಿಂದ ಲಕ್ಷಣಕ್ಕೆ ದೋಷವಿಲ್ಲ.

ಇಷ್ಟು ಓದಿಯೂ ಕೊಳ್ಳಲು ಹೊರಟಿರುವ ಅಧಿಕಾರಿಗಳಿಗೆ ಒಂದು ಮಾತು: ಹಾರ್ನು, ಬಂಪರು, ಅಗಲದ ಟೈರು ನೋಡಿ ಮರುಳಾಗಬೇಡಿ. ಮೊದಲು ಕೆಳಗೆ ಮಲಗಿ ಚಾಸಿ ತುಕ್ಕು ತಿಂದಿದೆಯೋ ನೋಡಿ, ಅದರ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿಯೊಂದಿಗೆ ತಾಳೆ ಹಾಕಿ, ಬ್ರೇಕು ಹಿಡಿಯುತ್ತದೆಯೇ ಎಂದು ಇಳಿಜಾರಿಗೆ ಮುಂಚೆಯೇ ಪರೀಕ್ಷಿಸಿ. ಅಡ್ವಾನ್ಸ್ ಕೊಡುವುದು ಆಮೇಲೆ.