ಬಟ್ಟಿ ಪುಕ್ಕಟ, ಹೊಲಿಗಿ ರೊಕ್ಕ

ಕೊಪ್ಪಳ ಕಡೆಯ ಹಳ್ಳಿಯ ಟೇಲರ್ ಅಂಗಡಿ. ಶಾಲೆ ಶುರುವಾಗಿದ್ದು ಜೂನ್‌ನಲ್ಲಿ, ಈಗ ಶ್ರಾವಣ. ವಿದ್ಯಾವಿಕಾಸ ಯೋಜನೆಯ ನೀಲಿ ಬಟ್ಟೆಯನ್ನು ಹುಡುಗನ ಅಪ್ಪ ಮೇಜಿನ ಮೇಲೆ ಹರವಿದ.

“ಮಾಮಾ, ಎಷ್ಟಾಗ್ತದ?”

“ಬಟ್ಟಿ ಸರ್ಕಾರದ್ದು, ಹೊಲಿಗಿ ನಿಂದು. ಗುಂಡಿ, ಕಾಜಾ, ಜಿಪ್ಪು ಎಲ್ಲಾ ನಿಂದ.”

“ಸಮವಸ್ತ್ರ ಕಡ್ಡಾಯ ಅಂತಾರ ಹೆಡ್‌ ಮಾಸ್ತರು. ಬಡವ-ಸಾವ್ಕಾರ ಅನ್ನದ ಎಲ್ಲಾ ಮಕ್ಕಳು ಒಂದ ಥರ ಕಾಣಬೇಕಂತ.”

“ಕಾಣ್ತಾವಲ್ಲೋ! ಎಲ್ಲಾವೂ ಹೋದ ವರ್ಷದ ಹರಕ ಚಡ್ಡಿಯೊಳಗ ಅದಾವು. ಸಾವ್ಕಾರನ ಮಗ ಕಾನ್ವೆಂಟ್ ಬಸ್ ಹತ್ಯಾನ, ಅವನ ಟೈ ಬ್ಯಾರೆ.”

ಕಡ್ಡಾಯ ಮಾಡುವುದರಲ್ಲಿ ಸರ್ಕಾರ ತಡ ಮಾಡುವುದಿಲ್ಲ. 2022ರ ಫೆಬ್ರುವರಿ 5ರ ಸಮವಸ್ತ್ರ ಆದೇಶ ಶನಿವಾರವೇ ಹೊರಬಿತ್ತು. ಅದರ ಬಿಸಿ ಹಿಜಾಬ್ ಪ್ರಕರಣವಾಗಿ ಸುಪ್ರೀಂ ಕೋರ್ಟ್ ತಲುಪಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಕೊಡುವ ಮಾತು ಬಂದಾಗ ಮಾತ್ರ ಕಡತಕ್ಕೆ ಕಾಲು ನೋವು: ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ ಕೊಡಿ ಎಂದು ಹೈಕೋರ್ಟ್ 2019ರಲ್ಲೇ ಹೇಳಿತ್ತು. 2023ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯಲ್ಲಿ ಸರ್ಕಾರ ಮತ್ತೆ ಬೈಸಿಕೊಳ್ಳಬೇಕಾಯಿತು.

“ಎರಡನೇ ಜೊತಿ ಯಾವಾಗ ಬರ್ತದ ಮಾಮಾ?”

ಟೇಲರ್ ಟೇಪು ಹುಡುಗನ ಸೊಂಟಕ್ಕೆ ಸುತ್ತಿದ. “ಅದನ್ನ ಕೇಳಬ್ಯಾಡ. ಅಂಚು ನಾಲ್ಕು ಬೆರಳು ಮಡಚಿ ಹೊಲೀತೀನಿ. ಬರೂತನಕ ವರ್ಷಾ ಒಂದೊಂದು ಬೆರಳು ಬಿಚ್ಚಿಕೊಂತ ಹೋಗು.”