ಜೋಡಿ ಎಕ್ಕದ ಪೇಚಾಟ
ಪೋಕರ್‌ನಲ್ಲಿ ಕೆಟ್ಟ ಎಲೆ ಬಂದರೆ ನೆಮ್ಮದಿ, ಎಸೆದು ಕಾಫಿ ಕುಡಿಯಬಹುದು. ಜೋಡಿ ಎಕ್ಕ ಬಂತೋ, ಪೇಚಾಟ ಶುರು. ಪಣ ಏರಿಸಿದರೆ ಎದುರಿನವರು ಎಲೆ ಕೆಳಗಿಟ್ಟಾರು. ಸುಮ್ಮನೆ ಕಾಲ್ ಮಾಡಿದರೆ ಕಂಡಕಂಡವರೆಲ್ಲ ಅಗ್ಗದಲ್ಲಿ ಒಳನುಗ್ಗುತ್ತಾರೆ. ಎದುರಾಳಿ ಒಬ್ಬನೇ ಇದ್ದರೆ ಜೋಡಿ ಎಕ್ಕ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ನಾಲ್ವರಾದರೆ 56ರ ಆಸುಪಾಸು. ಏರಿಸಿಬಿಡಿ ಸ್ವಾಮಿ ಅನ್ನುವುದು ನನ್ನ ಪಕ್ಷ.

ಆದರೆ ಒಳ್ಳೆ ಎಲೆ ಬಂದಾಗ ಏರಿಸಿ ಎಂದರೆ ಪೋಕರ್ ಆಟಗಾರ ಜಾನಿ ಚಾನ್ ಕೇಳಬೇಕಲ್ಲ! 1988, ಲಾಸ್ ವೇಗಸ್, ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಕೊನೆಯ ಕೈ. ಅವನಲ್ಲಿ ಗುಲಾಮ, ಒಂಬತ್ತು. ಮೇಜಿನ ಮೇಲೆ ರಾಣಿ, ಹತ್ತು, ಎಂಟು. ಸಾಲು ಆಗಲೇ ಕೂಡಿದೆ! ಪುಣ್ಯಾತ್ಮ ಬರೀ ಕಾಲ್ ಮಾಡಿ, ಮುಂದಿನ ಎರಡೂ ಎಲೆಗೆ ಪಣ ಕಟ್ಟದೆ ಚೆಕ್ ಎಂದು ಹೊಸ ಅಳಿಯನಂತೆ ಕೂತ. ರಾಣಿ ಜೋಡಿಯಾದ ಖುಷಿಯಲ್ಲಿ ಎದುರಾಳಿ ಎರಿಕ್ ಸೈಡೆಲ್ ಇದ್ದಬದ್ದ ಚಿಪ್ಸನ್ನೆಲ್ಲ ತಾನೇ ಮುಂದೆ ತಳ್ಳಿದ. ಆ ಕೈ 1998ರ ‘ರೌಂಡರ್ಸ್’ ಸಿನಿಮಾಕ್ಕೂ ಬಂತು. ನೋಡಿದವರೆಲ್ಲ ಚಾನ್ ಆಗಲು ಹೊರಟರು. ಸೈಡೆಲ್ ಆಗಲು ಮಾತ್ರ ಯಾರೂ ಒಪ್ಪುತ್ತಿಲ್ಲ.